ಬೀರುವಿನೊಳಗಿನ ಪದವಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ನನ್ನ ಪದವಿ ಪ್ರಮಾಣಪತ್ರವನ್ನು ನಾನೇ ಕೈಯಾರೆ ಕೊಟ್ಟುಬಂದೆ. ಯಾರೂ ಕಿತ್ತುಕೊಳ್ಳಲಿಲ್ಲ, ಯಾರೂ ಹೆದರಿಸಲಿಲ್ಲ. "ವೆರಿಫಿಕೇಶನ್‌ಗೆ ಒರಿಜಿನಲ್ ಬೇಕು, ಎರಡೇ ದಿನದಲ್ಲಿ ವಾಪಸ್" ಎಂದು ಎಚ್.ಆರ್. ಹುಡುಗಿ ನಗುನಗುತ್ತ ಹೇಳಿದಳು, ನಾನೂ ನಗುನಗುತ್ತ ಕೊಟ್ಟೆ. ಹತ್ತನೇ ತರಗತಿಯ ಅಂಕಪಟ್ಟಿಯಿಂದ ಎಂಜಿನಿಯರಿಂಗ್ ಡಿಗ್ರಿಯವರೆಗೆ ಎಲ್ಲವನ್ನೂ ಒಂದು ಕಂದು ಕವರಿಗೆ ಹಾಕಿ, ಮೇಲೆ ನನ್ನ ಹೆಸರು ಬರೆದು, ಅವಳು ಯಜಮಾನರ ಕೋಣೆಯ ಉಕ್ಕಿನ ಬೀರುವಿನಲ್ಲಿಟ್ಟಳು. 'ಸುರಕ್ಷಿತವಾಗಿಡಲು ಸ್ವಂತ ಇಚ್ಛೆಯಿಂದ ಕೊಟ್ಟಿದ್ದೇನೆ' ಎಂಬ ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡಳು. ಮೂರನೇ ದಿನ ಹೋಗಿ ಕೇಳಿದರೆ ಆ ಹುಡುಗಿಯೇ ಕೆಲಸ ಬಿಟ್ಟಾಗಿತ್ತು. ಅವಳ ಸರ್ಟಿಫಿಕೇಟು ಅವಳಿಗೆ ಸಿಕ್ಕಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ನಾನು ಇಪ್ಪತ್ತೆರಡರ ಹುಡುಗಿ. ಮನೆ ತ್ರಿಪ್ಲಿಕೇನ್‌ನಲ್ಲಿ, ಮೂರು ಸಂಸಾರಗಳಿಗೆ ಒಂದೇ ಬಾವಿ ಇದ್ದ ವಠಾರದ ಒಂದು ಭಾಗ. ಅಪ್ಪಯ್ಯ ಎರಡು ಬೀದಿ ಆಚೆಯ ಊಟದ ಮೆಸ್ಸಿನಲ್ಲಿ ಅಡಿಗೆಯವರು. ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಮದ್ರಾಸಿಗೆ ಬಂದವರು. ಅವರ ಕಸುಬಿನಲ್ಲಿ ಕಾಗದ ಎಂಬುದೇ ಇಲ್ಲ. ಬೆಳಿಗ್ಗೆ ಮಾಲೀಕರ ಜತೆ ಮಾತಿಗೆ ಮಾತು ಬೆಳೆದರೆ ಬೆವರೊರೆಸುವ ಬೈರಾಸವನ್ನು ಹೆಗಲಿಗೆ ಹಾಕಿಕೊಂಡು ಹೊರಟರಾಯಿತು. ಸಂಜೆಯ ಟಿಫಿನ್ನಿನ ಹೊತ್ತಿಗೆ ಇನ್ನೊಂದು ಹೋಟೆಲಿನವರು ಸಾಂಬಾರಿನ ಸೌಟು ಕೈಗೆ ಕೊಡುತ್ತಾರೆ. ಹೀಗೆ ಅಪ್ಪಯ್ಯ ನಾಲ್ಕು ಅಡಿಗೆಮನೆ ಬದಲಾಯಿಸಿದ್ದರು. ನಾನು ಒರಿಜಿನಲ್ ಕೊಟ್ಟುಬಂದದ್ದು ಕೇಳಿ ಅವರಿಗೆ ತಲೆಬುಡ ತಿಳಿಯಲಿಲ್ಲ.

"ಎಂತಕ್ಕೆ ಕೊಟ್ಟದ್ದ್ ಮಗಾ? ಕೆಲ್ಸ ಮಾಡೂಕೆ ಕೈ ಸಾಕಲ್ದಾ? ಕಾಗದ ಎಂತಕ್ಕೆ ಅವ್ರಿಗೆ?"

"ಎಲ್ಲಾ ಕಂಪನಿಲಯುಂ ಅಪ್ಪಡಿದಾನ್ ಅಪ್ಪಯ್ಯಾ" ಎಂದೆ. ಮನೆಯಲ್ಲಿ ಅವರು ಕನ್ನಡದಲ್ಲಿ ಕೇಳುವುದು, ನಾನು ತಮಿಳಿನಲ್ಲಿ ಉತ್ತರ ಕೊಡುವುದು ಚಿಕ್ಕಂದಿನಿಂದ ನಡೆದುಬಂದ ಕ್ರಮ. ಎಲ್ಲ ಕಂಪನಿಯಲ್ಲೂ ಹಾಗೆಯೇ ಎಂದು ನಾನು ಅಷ್ಟು ಧೈರ್ಯವಾಗಿ ಹೇಳಿದ್ದು ನನಗೆ ಒಂದೇ ಒಂದು ಕಂಪನಿ ಗೊತ್ತಿದ್ದುದರಿಂದ.

ಆ ಕಂಪನಿ ಪಲ್ಲಾವರಂನಲ್ಲಿ, ಟೈಲ್ಸ್ ಅಂಗಡಿಯೊಂದರ ಮೇಲಿನ ಎರಡನೇ ಮಹಡಿಯಲ್ಲಿತ್ತು. ಎಗ್ಮೋರ್‌ವರೆಗೆ ಬಸ್ಸು, ಅಲ್ಲಿಂದ ತಾಂಬರಂ ಕಡೆಯ ರೈಲು, ಇಳಿದ ಮೇಲೆ ಶೇರ್ ಆಟೋ. ನಾವು ಮೂವತ್ತು ಮಂದಿ ಕಲ್ಯಾಣ ಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಮಾಡಿಕೊಡುತ್ತಿದ್ದೆವು ಎಂಬುದು ದೊಡ್ಡ ಮಾತು. ನಮ್ಮ ಸಾರ್, ಅಂದರೆ ಕಂಪನಿಯ ಯಜಮಾನರು, ಯಾವ ಗಿರಾಕಿಗೂ ಇಲ್ಲ ಎಂದವರಲ್ಲ. ಒಬ್ಬರಿಗೆ ಅಡಿಗೆಯವರ ಲೆಕ್ಕ ಸೇರಿಸಿಕೊಡುತ್ತೇನೆ ಎನ್ನುವರು, ಇನ್ನೊಬ್ಬರಿಗೆ ಜಾತಕ ನೋಡುವ ಸೌಲಭ್ಯ, ಮತ್ತೊಬ್ಬರಿಗೆ ಪಾರ್ಕಿಂಗ್. ಹಾಗಾಗಿ ಪ್ರತಿ ಮಂಟಪಕ್ಕೂ ಇಡೀ ಪ್ರೋಗ್ರಾಮನ್ನು ನಕಲು ಮಾಡಿ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದೆವು. ಒಂದರಲ್ಲಿ ತಪ್ಪು ಕಂಡರೆ ಎಲ್ಲದರಲ್ಲೂ ಕೈಯಿಂದಲೇ ತಿದ್ದಬೇಕು. ಕಡೆಯ ಫೋಲ್ಡರು ಮುಟ್ಟುವಷ್ಟರಲ್ಲಿ ಮೊದಲಿನದರಲ್ಲಿ ಏನು ತಿದ್ದಿದ್ದೆವು ಎಂಬುದೇ ಮರೆತುಹೋಗಿರುತ್ತಿತ್ತು. ಇದನ್ನು ಸರಿಮಾಡಲು ಒಂದು ತಿಂಗಳು ಬಿಡುವು ಕೊಡಿ ಎಂದು ಹಿರಿಯ ಡೆವಲಪರ್ ಒಬ್ಬರು ಕೇಳಿದಾಗ ಸಾರ್, "ಓಡ್ತಾ ಇರೋ ಗಾಡೀನ ಯಾಕಪ್ಪಾ ನಿಲ್ಲಿಸ್ತೀಯ?" ಅಂದಿದ್ದರು. ಗಾಡಿಯನ್ನು ನಾವು ತಳ್ಳುತ್ತಿದ್ದೇವೆ ಎಂದು ಅವರಿಗೆ ಹೇಳುವವರಾರು. ಅಲ್ಲಿ ಎಲ್ಲರೂ ಆಡುತ್ತಿದ್ದುದು ತಮಿಳು. ನೆನಪಿನಲ್ಲಿರುವಷ್ಟನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನನ್ನನ್ನು ತೆಗೆದುಕೊಂಡದ್ದು ಪ್ರೋಗ್ರಾಮ್ ಬರೆಯಲು. ಮಾಡಿಸಿದ್ದು ಬೇರೆಯೇ. ಗಿರಾಕಿಗಳು ಡೆಮೊ ನೋಡಲು ಬಂದಾಗ ನಾನು ಪಕ್ಕದ ಕೋಣೆಯಲ್ಲಿ ಒಂದು ಮೊಬೈಲ್ ಹಿಡಿದು ಕೂತಿರಬೇಕು. ಸಾರ್ ತೆರೆಯ ಮೇಲೆ ಬಟನ್ ಒತ್ತಿ, "ಈಗ ನೋಡಿ, ತಾನಾಗಿಯೇ ಮೆಸೇಜ್ ಬರುತ್ತೆ" ಎಂದು ಒಮ್ಮೆ ಕೆಮ್ಮುತ್ತಾರೆ. ಕೆಮ್ಮು ಕೇಳಿದ ಕೂಡಲೆ ನಾನು 'ನಿಮ್ಮ ಬುಕಿಂಗ್ ಖಚಿತವಾಗಿದೆ' ಎಂದು ಗಿರಾಕಿಯ ನಂಬರಿಗೆ ಕಳಿಸಬೇಕು. ನಾಲ್ಕು ವರ್ಷ ಓದಿದ ಎಂಜಿನಿಯರಿಂಗಿಗೆ ಸಿಕ್ಕ ಪದೋನ್ನತಿ ಅದು. ಒಂದು ಮಾರ್ಗಶಿರ ಮಾಸದಲ್ಲಿ ಸಾರ್‌ಗೆ ನಿಜವಾಗಿಯೇ ನೆಗಡಿ ಹಿಡಿಯಿತು. ಯಾವುದು ನೆಗಡಿಯ ಕೆಮ್ಮು, ಯಾವುದು ಸಾಫ್ಟ್‌ವೇರಿನ ಕೆಮ್ಮು ಎಂದು ಗೋಡೆಯಾಚೆ ಕೂತವಳಿಗೆ ಹೇಗೆ ತಿಳಿಯಬೇಕು? ಆ ಗಿರಾಕಿಯ ಮಗಳ ಮದುವೆ ಏಳು ಸಲ ಖಚಿತವಾಯಿತು. ಸಾರ್ ನನ್ನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬೀರು ಅವರ ಬೆನ್ನ ಹಿಂದೆಯೇ ಇತ್ತು, ನಾನು ಅದನ್ನೇ ನೋಡುತ್ತ ನಿಂತಿದ್ದೆ.

ಆಫೀಸಿನ ಬಾಗಿಲಿಗೆ ಬೆರಳಚ್ಚಿನ ಯಂತ್ರ. ಒಳಗೆ ಬರಲು ನಮ್ಮ ಬೆರಳು ಸಾಕು, ಸಂಜೆ ಆರೂವರೆಗಿಂತ ಮೊದಲು ಹೊರಗೆ ಹೋಗಲು ಸಾರ್ ಬೆರಳು ಬೇಕು. ಜ್ವರ ಬಂದವರು ಅವರ ಮೀಟಿಂಗ್ ಮುಗಿಯುವವರೆಗೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬೆಳಿಗ್ಗೆ ಐದೂವರೆಗೇ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಚಿತ್ರದೊಂದಿಗೆ ಅವರ ಗುಡ್ ಮಾರ್ನಿಂಗ್ ಬರುತ್ತಿತ್ತು. ಏಳರೊಳಗೆ ಉತ್ತರ ಕೊಡದವರ ಹೆಸರು ಬಿಳಿ ಬೋರ್ಡಿನ ಮೇಲೆ ಏರುತ್ತಿತ್ತು. ಅಪ್ಪಯ್ಯ ಇಡ್ಲಿ ಹಿಟ್ಟಿಗೆ ಎದ್ದು ಹೊರಡುವಾಗ ನನ್ನನ್ನು ಎಬ್ಬಿಸಿ, "ನಿನ್ ಸಾರ್‌ಗೆ ನಮಸ್ಕಾರ ಹೇಳ್ ಮಗಾ" ಎಂದು ಛೇಡಿಸಿ ಹೋಗುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಬಿಟ್ಟುಹೋಗಬಾರದೇ ಎಂದು ಕೇಳುವವರಿಗೆ ಉತ್ತರ ಆ ಕಂದು ಕವರು. ಒರಿಜಿನಲ್ ತೋರಿಸದೆ ಯಾವ ಕಂಪನಿಯೂ ಸೇರಿಸಿಕೊಳ್ಳುವುದಿಲ್ಲ. ಹೋಗಿ ಕೇಳಿದರೆ ಸಾರ್ ಕೊಡುವುದಿಲ್ಲ ಎಂದು ಯಾವತ್ತೂ ಹೇಳಿದವರಲ್ಲ. "ಪಾಕ್ಕಲಾಂ" ಎನ್ನುತ್ತಿದ್ದರು, ನೋಡೋಣ ಎಂದು. ಶುಕ್ರವಾರ ಹತ್ತೂವರೆಗೆ ಹೋದರೆ ರಾಹುಕಾಲ, ಮೂರಕ್ಕೆ ಹೋದರೆ ಯಮಗಂಡ, ನಡುವೆ ಹೋದರೆ ಊಟ. ಆಡಿ, ಅಂದರೆ ಆಷಾಢ, ಆ ತಿಂಗಳಲ್ಲಿ ಯಾವುದನ್ನೂ ಕೈಯಿಂದ ಕೊಡುವಂತಿಲ್ಲ. ಆಡಿ ಕಳೆದರೆ ಯಾವುದೋ ಮಂಟಪದವರಿಗೆ ಹೊಸ ವರ್ಷನ್ ಕೊಡಬೇಕು, ಆಮೇಲೆ ಪಾಕ್ಕಲಾಂ. ನಮ್ಮೆಲ್ಲರ ಒರಿಜಿನಲ್ಲೂ ಅದೇ ಬೀರುವಿನಲ್ಲಿ. ಹಿರಿಯ ಡೆವಲಪರ್ ಪೊಲೀಸ್ ಸ್ಟೇಷನ್ನಿಗೂ ಹೋಗಿ ಬಂದರು. ಅವರು ಸಹಿ ಹಾಕಿದ್ದ 'ಸ್ವಂತ ಇಚ್ಛೆ'ಯ ಕಾಗದವನ್ನು ಸಾರ್ ಅಲ್ಲಿಗೆ ಕಳಿಸಿಕೊಟ್ಟರಂತೆ, ನೀವು ನೀವೇ ಮಾತಾಡಿಕೊಳ್ಳಿ ಎಂದರಂತೆ ಅಲ್ಲಿಯವರು.

ನನ್ನ ಪಕ್ಕದ ಕುರ್ಚಿಯವಳು ಕಾಸಿಮೇಡಿನ ಹುಡುಗಿ. ಅವಳ ಅಮ್ಮ ಬೆಳಗಿನ ಜಾವ ಬಂದರಿನ ಹರಾಜಿನಲ್ಲಿ ಮೀನು ಕೊಂಡು ಬೀದಿಯಲ್ಲಿ ಮಾರುವವರು. ಮಗಳಿಗೂ ಬಾಯಿ ಜೋರು, ಎದೆಯೂ ಗಟ್ಟಿ. ಬಸ್ಸಿನಲ್ಲಿ ಯಾರಾದರೂ ಮೈಗೆ ತಾಗಿ ನಿಂತರೆ ಇಡೀ ಬಸ್ಸು ಕೇಳುವಂತೆ ವಿಚಾರಿಸಿಕೊಳ್ಳುತ್ತಿದ್ದಳು. ಎ.ಸಿ. ಕೆಟ್ಟ ಬೇಸಿಗೆಯಲ್ಲಿ ಸಾರ್ ಕೋಣೆಯ ಟೇಬಲ್ ಫ್ಯಾನನ್ನು ಎತ್ತಿತಂದು ನಮ್ಮ ನಡುವೆ ಇಟ್ಟವಳು ಅವಳೇ. ಮಧ್ಯಾಹ್ನ ನನ್ನ ಡಬ್ಬಿಯ ತಂಬುಳಿಯನ್ನು ನೋಡಿ, "ಇದೇನೇ, ಕಾಯಿಲೆಯವರ ಊಟ" ಎಂದು ಹಾಸ್ಯ ಮಾಡಿ, ಅರ್ಧ ಅವಳೇ ಕುಡಿಯುತ್ತಿದ್ದಳು. ಆ ಆಫೀಸಿನಲ್ಲಿ ನನಗೆ ಉಸಿರಾಡಲು ಇದ್ದ ಜಾಗ ಅವಳ ಪಕ್ಕದ ಎರಡು ಅಡಿ.

ಸೇರಿದ ವರ್ಷದ ಆಯುಧಪೂಜೆ ಬಂತು. ರಜೆಯ ಹಿಂದಿನ ದಿನ ಮಧ್ಯಾಹ್ನ ಆಫೀಸಿನಲ್ಲಿ ಪೂಜೆ. ದೇವರು ಬರಲೆಂದು ಅಂದು ಮಾತ್ರ ತೆರೆದೇ ಇಟ್ಟ ಬಾಗಿಲಿಗೆ ಬಾಳೆಗಿಡ, ಮಾನಿಟರುಗಳಿಗೆ ಗಂಧ ಕುಂಕುಮ, ಸರ್ವರಿಗೆ ಸೇವಂತಿಗೆ ಮಾಲೆ. ಸಾರ್ ಪುರೋಹಿತರನ್ನು ಕರೆಸುತ್ತಿರಲಿಲ್ಲ. ಬೇರೆಯವರನ್ನು ನಂಬಿ ಬಿಡುವ ಅಭ್ಯಾಸ ಅವರಿಗೆ ಪೂಜೆಯಲ್ಲೂ ಇರಲಿಲ್ಲ. ರೇಷ್ಮೆ ಪಂಚೆ ಉಟ್ಟು ಬಂದು ಬೀರುವಿನ ಬೀಗ ತೆಗೆದರು. ಎರಡೂ ತೋಳು ತುಂಬ ಕಂದು ಕವರುಗಳನ್ನು ಎತ್ತಿತಂದು ಸರಸ್ವತಿಯ ಪಟದ ಮುಂದೆ, ಮೇಜಿನ ಮೇಲೆ ಒಟ್ಟಿದರು. ಒಂದೊಂದಕ್ಕೂ ಗಂಧದ ಬೊಟ್ಟು ಇಟ್ಟು ಕುಂಕುಮ ಹಚ್ಚಿದರು.

"ನಿಮ್ಮ ಓದೇ ನಮ್ಮ ಕಂಪನಿಯ ಆಸ್ತಿ" ಎಂದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಸುಳ್ಳು ಹೇಳುವವರಿಗಿಂತ ತಾವು ಹೇಳಿದ್ದನ್ನು ತಾವೇ ನಂಬುವವರ ಕೈಗೆ ಸಿಕ್ಕಿಬೀಳುವುದು ಹೆಚ್ಚು ಕಷ್ಟ.

ಕವರುಗಳು ನಮ್ಮಿಂದ ಮೂರಡಿ ದೂರದಲ್ಲಿದ್ದವು. ನನ್ನ ಹೆಸರು ನನಗೆ ಕಾಣುತ್ತಿತ್ತು. ಪಕ್ಕದವಳು ಮೊಣಕೈಯಿಂದ ತಿವಿದು, "ಎತ್ಕೊಂಡು ಹೋಗಿಬಿಡೋಣ್ವೇನೇ?" ಎಂದು ಪಿಸುಗುಟ್ಟಿದಳು. ತಮಾಷೆಯಲ್ಲ. ಅವಳ ಕೈ ಆಗಲೇ ಮುಂದೆ ಹೋಗಿತ್ತು. ನಾನು ಅದನ್ನು ಹಿಡಿದು ಎಳೆದೆ.

"ಪೂಜೆಗೆ ಇಟ್ಟಿದ್ದು. ಸುಮ್ನಿರು."

ನಮ್ಮ ಮನೆಯಲ್ಲಿ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ದಿನ ಮರುಪೂಜೆ ಆಗುವವರೆಗೆ ಮುಟ್ಟುವಂತಿಲ್ಲ. ಓದುವಂತಿಲ್ಲ, ಸರಿಸುವಂತೆಯೂ ಇಲ್ಲ. ಅವಳ ಮನೆಯಲ್ಲೂ ಹಾಗೆಯೇ, ಆ ಕೋಣೆಯಲ್ಲಿದ್ದ ಎಲ್ಲರ ಮನೆಯಲ್ಲೂ ಹಾಗೆಯೇ. ಅವಳು ಕೈ ಹಿಂದೆ ತೆಗೆದುಕೊಂಡು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡಳು. ಮೂವತ್ತು ಜನ ವಿದ್ಯಾವಂತರು ನಮ್ಮ ನಮ್ಮ ವಿದ್ಯೆಯ ಮುಂದೆ ಕೈಮುಗಿದು ನಿಂತೆವು, ಮಂಗಳಾರತಿ ತೆಗೆದುಕೊಂಡೆವು, ಪುರಿ ಕಡಲೆಯ ಪೊಟ್ಟಣ ಹಿಡಿದು ಮನೆಗೆ ಹೋದೆವು. ರಜೆ ಮುಗಿಸಿ ಬಂದಾಗ ಬೀರುವಿನ ಬಾಗಿಲ ಮೇಲೆ ಹೊಸ ಕುಂಕುಮವಿತ್ತು, ಕವರುಗಳು ಒಳಗೆ ಹೋಗಿದ್ದವು.

ಆಗ ನನಗೆ ಇನ್ನೂ ಅಂಥ ತುರ್ತು ಇರಲಿಲ್ಲ. ತುರ್ತು ಬಂದದ್ದು ಆರು ತಿಂಗಳ ನಂತರ, ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿದಾಗ. ಒರಿಜಿನಲ್ ತೋರಿಸಲು ಹತ್ತು ದಿನ ಕೊಟ್ಟಿದ್ದರು. ಹತ್ತು ದಿನವೂ ಸಾರ್ ಕೋಣೆಯ ಮುಂದೆ ನಿಂತೆ. ಒಂಬತ್ತನೇ ದಿನ ಅತ್ತೇಬಿಟ್ಟೆ. ಅವರು ನೀರು ತರಿಸಿಕೊಟ್ಟು, "ಮಗಳ ಥರ ನೋಡ್ಕೋತಾ ಇದೀನಿ, ಎಲ್ಲಿಗಮ್ಮಾ ಹೋಗ್ತೀಯ? ಪಾಕ್ಕಲಾಂ" ಎಂದರು. ಹನ್ನೊಂದನೇ ದಿನ ಆಸ್ಪತ್ರೆಯವರು ಬೇರೆಯವರನ್ನು ತೆಗೆದುಕೊಂಡರು.

ಅಲ್ಲಿಂದಾಚೆಗೆ ನನ್ನೊಳಗೆ ಏನೋ ಕೆಟ್ಟುಹೋಯಿತು. ಬೆಳಿಗ್ಗೆ ರೈಲು ಪಲ್ಲಾವರಂ ಮುಟ್ಟಿದರೆ ಎಲ್ಲರೂ ಇಳಿದ ಮೇಲೆ ಕೊನೆಯವಳಾಗಿ ಇಳಿಯುತ್ತಿದ್ದೆ. ವಿಮಾನಗಳು ತಲೆಯ ಮೇಲೆಯೇ ಇಳಿಯುವ ಊರು ಅದು; ಯಾರುಯಾರೋ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದರು, ನಾನು ಟೈಲ್ಸ್ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದೆ. ಸಾರ್ ಮೇಲೆ ಇದ್ದ ಸಿಟ್ಟಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟಿತ್ತು. ನಾಲ್ಕು ದಿನವೂ ನಿಲ್ಲದ ಎಚ್.ಆರ್. ಹುಡುಗಿಯ ನಗು ನೋಡಿ ನಾಲ್ಕು ವರ್ಷದ ಓದನ್ನು ಕೊಟ್ಟುಬಂದವಳು ನಾನೇ ತಾನೆ. ಮನೆಯಲ್ಲಿ ಸುಮ್ಮಸುಮ್ಮನೆ ಅಮ್ಮನ ಮೇಲೆ ರೇಗುತ್ತಿದ್ದೆ. ಅಪ್ಪಯ್ಯ ಮೆಸ್ಸಿನಿಂದ ನನಗೆ ಇಷ್ಟವಾದ, ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಪೋಡಿ ತಂದು ತಟ್ಟೆಯ ಪಕ್ಕ ಇಡುತ್ತಿದ್ದರು, ನಾನು ತಿನ್ನದೆ ಏಳುತ್ತಿದ್ದೆ. ಈಗ ನೆನೆಸಿಕೊಂಡರೆ ಅದಕ್ಕೇ ಹೆಚ್ಚು ನಾಚಿಕೆಯಾಗುತ್ತದೆ.

ಎರಡನೇ ವರ್ಷದ ನವರಾತ್ರಿಗೆ ವಾರವಿದ್ದಾಗ ಒಂದು ವಿಮಾ ಕಂಪನಿಯಿಂದ ಕರೆ ಬಂತು. ಆಯ್ಕೆಯಾಗಿದ್ದೇನೆ, ಹಬ್ಬದ ರಜೆ ಮುಗಿದ ಸೋಮವಾರ ಹತ್ತು ಗಂಟೆಗೆ ಒರಿಜಿನಲ್ ಸಮೇತ ಬರಬೇಕು, ತಪ್ಪಿದರೆ ಮುಂದಿನ ಹೆಸರಿನವರಿಗೆ ಹೋಗುತ್ತದೆ. ಈ ಸಲ ಸಾರ್ ಹತ್ತಿರ ಹೋಗಲೇ ಇಲ್ಲ. ಹೋದರೆ ಕವರು ಪೂಜೆಗೂ ಹೊರಗೆ ಬರುವುದಿಲ್ಲ ಎಂಬಷ್ಟು ಬುದ್ಧಿ ಆ ವೇಳೆಗೆ ಬಂದಿತ್ತು. ಪೂಜೆಯ ದಿನವೇ ಎತ್ತಬೇಕು, ಆದರೆ ಪೂಜೆಗೆ ಇಟ್ಟದ್ದನ್ನು ಮುಟ್ಟಬಹುದೇ ಎಂಬುದು ನನಗೆ ಬಗೆಹರಿದಿರಲಿಲ್ಲ.

ಆ ಭಾನುವಾರ ಅಪ್ಪಯ್ಯ ಊಟಕ್ಕೂ ಟಿಫಿನ್ನಿಗೂ ನಡುವಿನ ಬಿಡುವಿನಲ್ಲಿ ಮನೆಗೆ ಬಂದು, ಬೈರಾಸವನ್ನು ತಲೆಯಡಿ ಮಡಚಿಟ್ಟುಕೊಂಡು ನೆಲದ ಮೇಲೆ ಮಲಗಿದ್ದರು. ಪಕ್ಕದಲ್ಲಿ ಕೂತು ಕನ್ನಡದಲ್ಲೇ ಕೇಳಿದೆ, ಪೂಜೆಗೆ ಇಟ್ಟಿದ್ದನ್ನು ಮಧ್ಯದಲ್ಲಿ ತೆಗೆದರೆ ಪಾಪವೇ ಎಂದು. ಅವರು ಕಣ್ಣು ಬಿಟ್ಟರು.

"ಪೂಜಿಗೆ ಇಟ್ಟದ್ದ್ ಯಾರ್?"

"ಸಾರ್."

"ಅದ್ ಅವ್ನದ್ದಾ?"

"ಅಲ್ಲ. ನನ್ನದು."

"ಮತ್ತೆಂತ? ಅವ್ನದ್ದಲ್ದೇ ಇದ್ದದ್ದನ್ನ ಅವ್ನ್ ಇಟ್ರೆ ಅದ್ ಪೂಜಿಯಾ? ನಿಂದ್ ನೀ ತಕಂಡ್ ಬಾ." ಮತ್ತೆ ಕಣ್ಣು ಮುಚ್ಚಿ ಮಗ್ಗುಲಾದರು. ಗೋಡೆಯ ಕಡೆ ಮುಖ ಮಾಡಿಯೇ, "ಸರಸ್ವತಿಗೆ ಒಂದ್ ನಮಸ್ಕಾರ ಮಾಡಿ ತಕೊ" ಎಂದರು.

ಪೂಜೆಯ ದಿನ ಬಂತು. ನಾನು ಮೇಜಿನ ಪಕ್ಕದಲ್ಲೇ ಜಾಗ ಹಿಡಿದು ನಿಂತೆ. ಸಾರ್ ಕವರುಗಳನ್ನು ತಂದು ಒಟ್ಟಿದರು, ಗಂಧ ಹಚ್ಚಿದರು. ನನ್ನದು ಮೇಲಿನಿಂದ ನಾಲ್ಕನೆಯದು, ಅದರ ಕೆಳಗಿನದು ಪಕ್ಕದ ಕುರ್ಚಿಯವಳದು. ಪೂಜೆಯೆಂದು ಬಾಗಿಲು ತೆರೆದೇ ಇತ್ತು; ಯಾವಾಗ ಎತ್ತುವುದೆಂದೂ ಮೊದಲೇ ಯೋಚಿಸಿಕೊಂಡಿದ್ದೆ. ಮಂಗಳಾರತಿಯ ಹೊತ್ತಿಗೆ ಅವರ ಬಲಗೈಯಲ್ಲಿ ಕರ್ಪೂರದ ತಟ್ಟೆ, ಎಡಗೈಯಲ್ಲಿ ಗಂಟೆ. ಎತ್ತಿದ ಆರತಿಯನ್ನು ನಡುವೆ ಇಳಿಸುವಷ್ಟು ಧೈರ್ಯ ಆ ಮನುಷ್ಯನಿಗೆ ಇಲ್ಲವೆಂದು ನನಗೆ ಗೊತ್ತಿತ್ತು.

ಗಂಟೆ ಶುರುವಾಯಿತು. ನಾನು ನೆಲಮುಟ್ಟಿ ನಮಸ್ಕಾರ ಮಾಡಿ ಎದ್ದೆ. ಮೇಲಿನ ಮೂರು ಕವರುಗಳನ್ನು ಸರಿಸಿ ನನ್ನದನ್ನು ತೆಗೆದುಕೊಂಡೆ. ಸಾರ್ ನೋಡಿದರು. ಬಾಯಿ ತೆರೆದರು. ಗಂಟೆ ಮಾತ್ರ ಜೋರಾಯಿತು. ಇಡೀ ಕೋಣೆ ಕೈಮುಗಿದುಕೊಂಡೇ ನನ್ನನ್ನು ನೋಡುತ್ತಿತ್ತು. ಈಗ ಎಲ್ಲರೂ ಮುನ್ನುಗ್ಗುತ್ತಾರೆ ಎಂದುಕೊಂಡೆ. ಮೂವತ್ತು ಕೈ ಒಟ್ಟಿಗೆ ಬಂದರೆ ಅವರೇನು ಮಾಡಿಯಾರು? ಒಬ್ಬರೂ ಅಲುಗಲಿಲ್ಲ.

ಅವಳ ಕವರನ್ನು ನಾನೇ ಎತ್ತಿ ಅವಳ ಕಡೆ ಚಾಚಿದೆ. ಮೊದಲು ನುಗ್ಗುವವಳು ಅವಳೇ ಎಂದು ನಂಬಿದ್ದೆ.

ಅವಳು ಮುಗಿದ ಕೈ ಬಿಚ್ಚಲಿಲ್ಲ. "ಇಡೇ" ಎಂದಳು, ತುಟಿ ಅಲುಗಿದ್ದೂ ಕಾಣದಷ್ಟು ಮೆಲ್ಲಗೆ. "ಪೊಂಗಲ್ ಆದ್ಮೇಲೆ, ತೈ ತಿಂಗಳಲ್ಲಿ ನನ್ನ ಮದುವೆ. ಹುಡುಗಿ ಐ.ಟಿ. ಕೆಲಸದಲ್ಲಿದಾಳೆ ಅಂತಲೇ ಒಪ್ಪಿರೋದು. ಈಗ ಕೆಲಸ ಬಿಟ್ಟೆ ಅಂದ್ರೆ ನಮ್ಮಮ್ಮ ಸತ್ತೇ ಹೋಗ್ತಾಳೆ."

"ಹೊರಗೆ ಹೋದ್ರೆ ಬೇರೆ ಸಿಗುತ್ತೆ, ಹಿಡ್ಕೋ" ಎಂದೆ.

"ಹೋದ ವರ್ಷ ಹೊರಟಿದ್ದೆನಲ್ಲೇ, ನೀನು ಕೈ ಹಿಡ್ಕೊಂಡೆ. ಈಗ ಇಡು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷ ನನಗೆ ಹೀಗೆ ಚುಚ್ಚುತ್ತಿರಲಿಲ್ಲವೇನೋ. ಕರ್ಪೂರ ಮುಗಿಯುತ್ತ ಬಂದಿತ್ತು, ಸಾರ್ ಕೈಗಳು ಇನ್ನೇನು ಬಿಡುವಾಗುವುದರಲ್ಲಿದ್ದವು. ಹೊತ್ತಿರಲಿಲ್ಲ. ನನ್ನ ಕವರನ್ನು ಎದೆಗೆ ಒತ್ತಿಕೊಂಡೆ. ಬಾಗಿಲ ಕಡೆ ತಿರುಗುವ ಮೊದಲು ಅವಳದನ್ನು, ನನ್ನ ಕೈಯಾರೆ, ಮತ್ತೆ ರಾಶಿಯ ಮೇಲೆ ಇಟ್ಟೆ.